ಪ್ರಾದೇಶಿಕ ಸೇನೆಯ ಪ್ಯಾರಾಶೂಟ್ ಬೆಟಾಲಿಯನ್: ಸಂಘಟನೆ ಮತ್ತು ಲಾಂಛನ

ಭಾರತೀಯ ಭೂಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ಪೂರ್ಣಾವಧಿ ಬೆಟಾಲಿಯನ್‌ಗಳ ಜೊತೆಗೆ ಪ್ರಾದೇಶಿಕ ಸೇನೆಯ, ಅಂದರೆ ಟೆರಿಟೋರಿಯಲ್ ಆರ್ಮಿಯ, ಎರಡು ಕಾಲಾಳು ಬೆಟಾಲಿಯನ್‌ಗಳು ಅದೇ ರೆಜಿಮೆಂಟಿನ ಹೆಸರನ್ನೂ ಗುರುತುಗಳನ್ನೂ ಧರಿಸುತ್ತವೆ. ಇವುಗಳಲ್ಲಿ 106ನೆಯ ಬೆಟಾಲಿಯನ್ ಬೆಂಗಳೂರಿನಲ್ಲಿಯೂ 116ನೆಯ ಬೆಟಾಲಿಯನ್ ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿಯಲ್ಲಿಯೂ ನೆಲೆಗೊಂಡಿವೆ. ಬೇರೆ ಉದ್ಯೋಗಗಳಲ್ಲಿದ್ದುಕೊಂಡೇ ಸೇನೆಯ ಕರೆಗೆ ಸಿದ್ಧರಾಗಿರುವ ನಾಗರಿಕರನ್ನು ಆಧರಿಸಿದ ಮೀಸಲು ಪಡೆಯೊಂದು, ಅತ್ಯಂತ ಕಠಿಣ ತರಬೇತಿಯನ್ನು ಬೇಡುವ ವಾಯುವಾಹಿತ ಕಾಲಾಳು ಪಡೆಯೊಡನೆ ಹೇಗೆ ಬೆಸೆದುಕೊಂಡಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಎರಡು ಕಡೆ ಹುಡುಕಬೇಕಾಗುತ್ತದೆ: ಒಂದು, ಕಾನೂನು ಮತ್ತು ಹುದ್ದೆಗಳಿಂದ ಕಟ್ಟಿದ ಸಂಘಟನೆಯಲ್ಲಿ, ಇನ್ನೊಂದು, ಟೋಪಿ, ಎದೆ ಮತ್ತು ಭುಜಗಳ ಮೇಲೆ ಕಾಣುವ ಲಾಂಛನಗಳಲ್ಲಿ. ಸಂಘಟನೆಯು ಸೈನಿಕನ ಕರ್ತವ್ಯವನ್ನು ನಿಗದಿಪಡಿಸಿದರೆ, ಲಾಂಛನವು ಅವನು ಯಾವ ಪರಂಪರೆಗೆ ಸೇರಿದವನು, ಅದರಲ್ಲಿ ತಾನಾಗಿ ಗಳಿಸಿದ್ದು ಎಷ್ಟು ಎಂಬುದನ್ನು ತೋರಿಸುತ್ತದೆ.

ಪ್ರಾದೇಶಿಕ ಸೇನೆಯ ಕಾನೂನು ಮತ್ತು ಸ್ವರೂಪ

ಭಾರತದಲ್ಲಿ ನಾಗರಿಕ ಸೈನಿಕರ ಪಡೆಯನ್ನು ಕಟ್ಟುವ ಪ್ರಯತ್ನ ಮೊದಲನೆಯ ಮಹಾಯುದ್ಧದ ಕಾಲದ್ದು. 1920ರ ಕಾಯಿದೆಗಳು ಈ ಪಡೆಯನ್ನು ಎರಡಾಗಿ ವಿಂಗಡಿಸಿ, ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್ ಎಂಬುದನ್ನು, ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಎಂಬುದನ್ನು ರೂಪಿಸಿದವು. ಸ್ವಾತಂತ್ರ್ಯಾನಂತರ ಈ ಜನಾಂಗೀಯ ವಿಭಜನೆಯನ್ನು ತೊಡೆದುಹಾಕಿ, 1948ರ ಪ್ರಾದೇಶಿಕ ಸೇನಾ ಕಾಯಿದೆಯ ಅಡಿಯಲ್ಲಿ ಯಾವುದೇ ಅರ್ಹ ನಾಗರಿಕ ಸೇರಬಹುದಾದ ಒಂದೇ ಪಡೆಯನ್ನು ಸ್ಥಾಪಿಸಲಾಯಿತು. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು 1949ರ ಅಕ್ಟೋಬರ್ 9ರಂದು ಇದನ್ನು ಉದ್ಘಾಟಿಸಿದರು. ಆ ದಿನವನ್ನೇ ಪ್ರತಿವರ್ಷ ಪ್ರಾದೇಶಿಕ ಸೇನಾ ದಿನವಾಗಿ ಆಚರಿಸಲಾಗುತ್ತದೆ. 'ಸಾವಧಾನಿ ವ ಶೂರತಾ', ಅಂದರೆ ಎಚ್ಚರ ಮತ್ತು ಶೌರ್ಯ, ಎಂಬುದು ಈ ಸೇನೆಯ ಧ್ಯೇಯವಾಕ್ಯ.

ಈ ಕಾಯಿದೆಯ ಮೂಲ ಭಾವನೆ ಸರಳವಾದುದು. ಪ್ರಾದೇಶಿಕ ಸೇನೆ ಯಾರಿಗೂ ಜೀವನೋಪಾಯದ ಮುಖ್ಯ ಉದ್ಯೋಗವಲ್ಲ. ಬೇರೆ ದುಡಿಮೆಯಿರುವವರು ವರ್ಷದ ಒಂದು ಭಾಗವನ್ನು ತರಬೇತಿಗೆ ಕೊಟ್ಟು, ಅಗತ್ಯ ಬಿದ್ದಾಗ ಸಮವಸ್ತ್ರ ಧರಿಸುತ್ತಾರೆ. ಸೇರಲು ವಯಸ್ಸು 18ರಿಂದ 42ರ ನಡುವೆ ಇರಬೇಕು. ಹೀಗೆ ನಾಗರಿಕನನ್ನು ಸಕ್ರಿಯ ಸೇವೆಗೆ ಕರೆದುಕೊಳ್ಳುವುದನ್ನು ಸೇನೆಯ ಪರಿಭಾಷೆಯಲ್ಲಿ ಎಂಬಾಡಿಮೆಂಟ್ ಎಂದೂ, ಸೇವೆ ಮುಗಿಸಿ ಮನೆಗೆ ಕಳಿಸುವುದನ್ನು ಡಿಸ್‌ಎಂಬಾಡಿಮೆಂಟ್ ಎಂದೂ ಕರೆಯುತ್ತಾರೆ. ಕರೆ ಬಂದಾಗ ಕೆಲಸ ಬಿಟ್ಟು ಹೋದವನು ಬೀದಿಪಾಲಾಗಬಾರದೆಂಬ ಕಾರಣಕ್ಕೆ, ಸೇವೆಯಿಂದ ಮರಳಿದವನನ್ನು ಅವನ ಹಿಂದಿನ ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳುವ ಹೊಣೆಯನ್ನು ಕಾಯಿದೆ ಮಾಲೀಕರ ಮೇಲೆ ಹೊರಿಸಿದೆ. ಭವಿಷ್ಯನಿಧಿಯಂಥ ಹಕ್ಕುಗಳಿಗೂ ಅದರಲ್ಲಿ ರಕ್ಷಣೆಯಿದೆ. ಕೇಂದ್ರ ಸರ್ಕಾರದ ಆದೇಶವಿಲ್ಲದೆ ಈ ಸೈನಿಕರನ್ನು ದೇಶದ ಗಡಿಯಾಚೆ ಸೇವೆಗೆ ಕಳಿಸುವಂತಿಲ್ಲ ಎಂಬುದೂ ಅದೇ ಕಾಯಿದೆಯ ಮಾತು.

ಸ್ಥಿರ ಸ್ವರೂಪದ ಕಾವಲು ಕೆಲಸಗಳಿಂದ ಖಾಯಂ ಸೇನೆಯನ್ನು ಬಿಡುವುಗೊಳಿಸುವುದು, ಪ್ರಕೃತಿ ವಿಕೋಪಗಳಲ್ಲಿ ಆಡಳಿತಕ್ಕೆ ನೆರವಾಗುವುದು, ಅಗತ್ಯ ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವುದು ಮತ್ತು ಬೇಕಾದಾಗ ಖಾಯಂ ಸೇನೆಗೆ ಘಟಕಗಳನ್ನು ಒದಗಿಸುವುದು ಪ್ರಾದೇಶಿಕ ಸೇನೆಯ ಘೋಷಿತ ಕರ್ತವ್ಯಗಳು. ರೈಲ್ವೆ ಹಾಗೂ ತೈಲ ಸಂಸ್ಥೆಗಳ ನೌಕರರಿಂದಲೇ ರಚಿತವಾದ ಇಲಾಖಾ ಘಟಕಗಳು, ಬೋಳು ಬೆಟ್ಟಗಳಲ್ಲಿ ಕಾಡು ಬೆಳೆಸುವ ಪರಿಸರ ಕಾರ್ಯಪಡೆಗಳು ಮತ್ತು ಕಾಲಾಳು ಬೆಟಾಲಿಯನ್‌ಗಳು ಇದರ ಮುಖ್ಯ ಅಂಗಗಳು. 1962, 1965 ಮತ್ತು 1971ರ ಯುದ್ಧಗಳಲ್ಲಿ ಪ್ರಾದೇಶಿಕ ಸೇನೆಯ ಘಟಕಗಳು ಭಾಗವಹಿಸಿದವು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಾದೇಶಿಕ ಸೇನೆಯ ಅಧಿಕಾರಿಗಳನ್ನೂ ಸಿಬ್ಬಂದಿಯನ್ನೂ ಸೇವೆಗೆ ಕರೆಯುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ನೀಡಿ ಹೊರಡಿಸಿದ ಅಧಿಸೂಚನೆಯಲ್ಲಿ, ಆಗ ಇದ್ದ 32 ಕಾಲಾಳು ಬೆಟಾಲಿಯನ್‌ಗಳ ಪೈಕಿ 14ನ್ನು ಸಕ್ರಿಯ ಸೇವೆಗೆ ತರಲು ಅವಕಾಶ ಕಲ್ಪಿಸಲಾಯಿತು.

ಆಶ್ರಯ ನೀಡಿದ ರೆಜಿಮೆಂಟ್

ಪ್ರಾದೇಶಿಕ ಸೇನೆಯ ಪ್ರತಿಯೊಂದು ಕಾಲಾಳು ಬೆಟಾಲಿಯನ್ನೂ ಖಾಯಂ ಸೇನೆಯ ಯಾವುದಾದರೊಂದು ರೆಜಿಮೆಂಟಿನ ಸಂಯೋಜನೆಗೆ ಒಳಪಟ್ಟಿರುತ್ತದೆ. ಬೆಟಾಲಿಯನ್ನಿನ ಸಂಖ್ಯೆ ಪ್ರಾದೇಶಿಕ ಸೇನೆಯದು, ಅದರ ಜೊತೆಗೆ ಬರುವ ರೆಜಿಮೆಂಟಿನ ಹೆಸರು ಖಾಯಂ ಸೇನೆಯದು. ಕೊಲ್ಹಾಪುರದ 109ನೆಯ ಬೆಟಾಲಿಯನ್ ಮರಾಠಾ ಲಘು ಪದಾತಿ ದಳದ ಹೆಸರನ್ನೂ, ಕಣ್ಣೂರಿನ 122ನೆಯದು ಮದ್ರಾಸ್ ರೆಜಿಮೆಂಟಿನ ಹೆಸರನ್ನೂ ಹೊತ್ತಿರುವಂತೆ 106 ಮತ್ತು 116ನೆಯವು ಪ್ಯಾರಾ ಎಂಬ ಹೆಸರನ್ನು ಹೊತ್ತಿವೆ. ಆದ್ದರಿಂದ ಇವುಗಳ ಲಾಂಛನ ಅರ್ಥವಾಗಬೇಕಾದರೆ ಮಾತೃ ರೆಜಿಮೆಂಟಿನ ಚರಿತ್ರೆಯ ಪರಿಚಯ ಅಗತ್ಯ.

ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ದೆಹಲಿಯ ವಿಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ, ಅಂದರೆ ಇಂದಿನ ಸಫ್ದರ್‌ಜಂಗ್‌ನಲ್ಲಿ, ಪ್ಯಾರಾಶೂಟ್ ತರಬೇತಿ ಶಾಲೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 50ನೆಯ ಪ್ಯಾರಾಶೂಟ್ ಬ್ರಿಗೇಡ್ ರೂಪುಗೊಂಡಿತು. ಅದರಲ್ಲಿ ಒಂದು ಬ್ರಿಟಿಷ್, ಒಂದು ಭಾರತೀಯ ಮತ್ತು ಒಂದು ಗೂರ್ಖಾ ಬೆಟಾಲಿಯನ್ ಇದ್ದವು. ಪ್ಯಾರಾಶೂಟಿನಿಂದ ಜಿಗಿದ ಮೊದಲ ಭಾರತೀಯ ಸೈನಿಕರಲ್ಲಿ ಭಾರತೀಯ ಬೆಟಾಲಿಯನ್ನಿನ ವೈದ್ಯಾಧಿಕಾರಿಯಾಗಿದ್ದ ಲೆಫ್ಟಿನೆಂಟ್ ಎ. ಜಿ. ರಂಗರಾಜ್ ಒಬ್ಬರು, ಮುಂದೆ ಕೊರಿಯಾ ಯುದ್ಧದಲ್ಲಿ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಘಟಕವನ್ನು ಮುನ್ನಡೆಸಿ ಅವರು ಮಹಾವೀರ ಚಕ್ರ ಪಡೆದರು. 1945ರ ಮೇ 1ರಂದು ಬರ್ಮಾದ ಎಲಿಫೆಂಟ್ ಪಾಯಿಂಟ್‌ನಲ್ಲಿ ಭಾರತೀಯ ಮತ್ತು ಗೂರ್ಖಾ ಪ್ಯಾರಾಟ್ರೂಪರ್‌ಗಳು ಧುಮುಕಿ, ರಂಗೂನಿನತ್ತ ಸಾಗುವ ಜಲಮಾರ್ಗವನ್ನು ತೆರವುಗೊಳಿಸಿದರು. ಸ್ವಾತಂತ್ರ್ಯದ ಮರುವರ್ಷ ಜಮ್ಮು ಮತ್ತು ಕಾಶ್ಮೀರದಲ್ಲಿ 50ನೆಯ ಪ್ಯಾರಾಶೂಟ್ ಬ್ರಿಗೇಡನ್ನು ಮುನ್ನಡೆಸಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ 1948ರ ಜುಲೈ 3ರಂದು ಝಂಗರ್‌ನಲ್ಲಿ ವೀರಮರಣವನ್ನಪ್ಪಿದರು.

ಈ ಹಂತದವರೆಗೆ ಬ್ರಿಗೇಡಿನ ಬೆಟಾಲಿಯನ್‌ಗಳು ಬೇರೆ ಬೇರೆ ರೆಜಿಮೆಂಟುಗಳಿಂದ ಬಂದವಾಗಿದ್ದವು. 1952ರ ಏಪ್ರಿಲ್ 15ರಂದು ಪಂಜಾಬ್, ಮರಾಠಾ ಮತ್ತು ಕುಮಾವೂ ಮೂಲದ ಮೂರು ಬೆಟಾಲಿಯನ್‌ಗಳನ್ನು ಒಂದೇ ಪ್ಯಾರಾಶೂಟ್ ರೆಜಿಮೆಂಟಿನ 1, 2 ಮತ್ತು 3ನೆಯ ಬೆಟಾಲಿಯನ್‌ಗಳಾಗಿ ಸೇರಿಸಲಾಯಿತು. ಎರಡನೆಯ ಬೆಟಾಲಿಯನ್ನಿನ ಮೂಲವಾದ ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಅದೇ ಬೆಟಾಲಿಯನ್ 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ತಂಗೈಲ್‌ನಲ್ಲಿ ಧುಮುಕಿ ಢಾಕಾದತ್ತ ಸಾಗಿದ ಸೇನೆಗೆ ದಾರಿ ಮಾಡಿಕೊಟ್ಟಿತು. ರೆಜಿಮೆಂಟಿನ ತರಬೇತಿ ಕೇಂದ್ರವು 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಹೀಗಾಗಿ ಇಂದು ರೆಜಿಮೆಂಟಿನ ಖಾಯಂ ಕೇಂದ್ರವೂ ಅದಕ್ಕೆ ಸೇರಿದ ಪ್ರಾದೇಶಿಕ ಸೇನೆಯ ಬೆಟಾಲಿಯನ್ನೂ ಒಂದೇ ನಗರದಲ್ಲಿವೆ.

ಬೆಟಾಲಿಯನ್ನಿನ ಒಳರಚನೆ

ಕಾಲಾಳು ಬೆಟಾಲಿಯನ್ನಿನ ಸಾಮಾನ್ಯ ಚೌಕಟ್ಟು ಖಾಯಂ ಸೇನೆಯಲ್ಲಿರುವಂತೆಯೇ ಇಲ್ಲಿಯೂ ಮಾದರಿಯಾಗಿದೆ. ಸುಮಾರು ಹತ್ತು ಮಂದಿಯ ಸೆಕ್ಷನ್ ಅದರ ಅತ್ಯಂತ ಚಿಕ್ಕ ಘಟಕ. ಮೂರು ಸೆಕ್ಷನ್‌ಗಳು ಸೇರಿ ಒಂದು ಪ್ಲಟೂನ್, ಮೂರು ಪ್ಲಟೂನ್‌ಗಳು ಸೇರಿ ಒಂದು ರೈಫಲ್ ಕಂಪನಿ ಆಗುತ್ತದೆ. ರೈಫಲ್ ಕಂಪನಿಗಳ ಜೊತೆಗೆ ಭಾರೀ ಆಯುಧಗಳನ್ನು ನಿರ್ವಹಿಸುವ ಸಪೋರ್ಟ್ ಕಂಪನಿಯೂ, ಆಡಳಿತ, ಸಂಪರ್ಕ, ಸರಬರಾಜುಗಳನ್ನು ನೋಡಿಕೊಳ್ಳುವ ಹೆಡ್‌ಕ್ವಾರ್ಟರ್ಸ್ ಕಂಪನಿಯೂ ಇರುತ್ತವೆ. ಕರ್ನಲ್ ದರ್ಜೆಯ ಕಮಾಂಡಿಂಗ್ ಆಫೀಸರ್ ಇಡೀ ಬೆಟಾಲಿಯನ್ನಿನ ಮುಖ್ಯಸ್ಥರು. ಜವಾನರಿಗೂ ಅಧಿಕಾರಿಗಳಿಗೂ ಸೇತುವಾಗಿರುವ ಜೂನಿಯರ್ ಕಮಿಷನ್ಡ್ ಅಧಿಕಾರಿಗಳಲ್ಲಿ ಹಿರಿಯರಾದ ಸುಬೇದಾರ್ ಮೇಜರ್ ಅವರ ಬಲಗೈ.

ಮೀಸಲು ಬೆಟಾಲಿಯನ್ನನ್ನು ಖಾಯಂ ಬೆಟಾಲಿಯನ್ನಿನಿಂದ ಬೇರ್ಪಡಿಸುವುದು ಈ ಚೌಕಟ್ಟಿನೊಳಗೆ ಇರುವ ಎರಡು ಬಗೆಯ ಜನ. ಖಾಯಂ ಸೇನೆಯಿಂದ ನಿಯೋಜಿತರಾಗಿ ಬರುವ ಚಿಕ್ಕ ತಂಡವು ದಾಖಲೆ, ಶಸ್ತ್ರಾಗಾರ ಮತ್ತು ತರಬೇತಿಯ ಹೊಣೆ ಹೊತ್ತು ವರ್ಷವಿಡೀ ಘಟಕವನ್ನು ಜೀವಂತವಾಗಿಡುತ್ತದೆ. ಪ್ರಾದೇಶಿಕ ಸೇನೆಗೆ ಸೇರಿದ ಅಧಿಕಾರಿಗಳೂ ಜವಾನರೂ ತರಬೇತಿಯ ಅವಧಿಯಲ್ಲಿ ಅಥವಾ ಸೇವೆಗೆ ಕರೆದಾಗ ಆ ಚೌಕಟ್ಟನ್ನು ತುಂಬುತ್ತಾರೆ. ತರಬೇತಿಯ ದೃಷ್ಟಿಯಿಂದ ಪ್ರಾದೇಶಿಕ ಸೇನೆಯ ಘಟಕಗಳಲ್ಲಿ ನಗರ ಘಟಕ, ಪ್ರಾಂತೀಯ ಘಟಕ ಎಂಬ ಎರಡು ವಿಧಗಳಿವೆ. ನಗರ ಘಟಕದವರು ತಮ್ಮ ಕೆಲಸಕ್ಕೆ ಅಡ್ಡಿಯಾಗದಂತೆ ರಜಾದಿನಗಳಲ್ಲಿ ಬಿಡಿಬಿಡಿಯಾಗಿ ಕವಾಯತು ಮಾಡಿ, ಶಿಬಿರವೂ ಸೇರಿದಂತೆ ವರ್ಷಕ್ಕೆ 30 ದಿನಗಳ ತರಬೇತಿ ಪೂರೈಸಿದರೆ, ಹಳ್ಳಿಗಾಡಿನಿಂದ ಬರುವವರಿಗಾಗಿ ರೂಪಿಸಿದ ಪ್ರಾಂತೀಯ ಘಟಕದವರು ವರ್ಷಕ್ಕೆ 60 ದಿನ ಒಟ್ಟಿಗೆ ಶಿಬಿರದಲ್ಲಿರುತ್ತಾರೆ.

ಪ್ಯಾರಾಶೂಟ್ ಜಿಗಿತದ ಕೌಶಲ ಈ ವ್ಯವಸ್ಥೆಯೊಳಗೆ ಸುಲಭವಾಗಿ ಹೊಂದಿಕೊಳ್ಳುವಂಥದ್ದಲ್ಲ. ಪ್ಯಾರಾಟ್ರೂಪರ್ ಎನಿಸಿಕೊಳ್ಳಬೇಕಾದವನು ಸ್ವಇಚ್ಛೆಯಿಂದ ಮುಂದೆ ಬಂದು, ಆಗ್ರಾದಲ್ಲಿ ವಾಯುಪಡೆ ನಡೆಸುವ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ನೆಲದ ಮೇಲಿನ ಅಭ್ಯಾಸ ಮುಗಿಸಿ, ರಾತ್ರಿಯ ಜಿಗಿತವೊಂದೂ ಸೇರಿದಂತೆ ಐದು ಜಿಗಿತಗಳನ್ನು ಪೂರೈಸಬೇಕು. ಈ ಜಿಗಿತಗಳು ಸ್ಟ್ಯಾಟಿಕ್ ಲೈನ್ ವಿಧಾನದವು: ಸೈನಿಕನ ಬೆನ್ನಿನ ಚೀಲಕ್ಕೆ ಸೇರಿದ ಪಟ್ಟಿಯ ತುದಿಯ ಕೊಕ್ಕೆಯನ್ನು ವಿಮಾನದೊಳಗಿನ ಉಕ್ಕಿನ ತಂತಿಗೆ ಸಿಕ್ಕಿಸಿರುತ್ತಾರೆ; ಬಾಗಿಲಿನಿಂದ ಹೊರಬಿದ್ದೊಡನೆ ಆ ಪಟ್ಟಿ ಸೆಟೆದು ಪ್ಯಾರಾಶೂಟನ್ನು ತಾನಾಗಿಯೇ ಹೊರಗೆಳೆಯುತ್ತದೆ. ಸುಮಾರು 1,250 ಅಡಿ ಎತ್ತರದಿಂದ ಜಿಗಿದವನು ಒಂದು ನಿಮಿಷದ ಆಸುಪಾಸಿನಲ್ಲಿ ನೆಲ ಮುಟ್ಟುವುದರಿಂದ, ತಪ್ಪನ್ನು ತಿದ್ದಿಕೊಳ್ಳಲು ಗಾಳಿಯಲ್ಲಿ ಹೆಚ್ಚು ಹೊತ್ತು ಸಿಗುವುದಿಲ್ಲ. ವಿಮಾನ, ಹಾರಾಟದ ಅವಧಿ ಮತ್ತು ಬಿಡದ ಅಭ್ಯಾಸ ಇವೆಲ್ಲವನ್ನೂ ಬೇಡುವ ಈ ವಿದ್ಯೆಯನ್ನು ವರ್ಷದ ಕೆಲವೇ ವಾರ ಸೇರುವ ಘಟಕದ ಪ್ರತಿಯೊಬ್ಬರಿಗೂ ಕಲಿಸಿ ಉಳಿಸಿಕೊಳ್ಳುವುದು ಕಷ್ಟ. ಬೆಟಾಲಿಯನ್ನಿಗೆ ಕಾರ್ಯತಃ ಬೀಳುವ ಕೆಲಸವೂ ಹೆಚ್ಚಾಗಿ ನೆಲದ ಮೇಲಿನ ಕಾವಲು, ಗಸ್ತು ಮತ್ತು ಭದ್ರತಾ ಕರ್ತವ್ಯಗಳೇ.

ಬ್ರಿಟನ್ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಎದುರಿಸಿತು. ಅಲ್ಲಿ 1947ರಲ್ಲಿ ಪ್ರಾದೇಶಿಕ ಸೇನೆಯನ್ನು ಮತ್ತೆ ಕಟ್ಟಿದಾಗ 16ನೆಯ ಏರ್‌ಬೋರ್ನ್ ಡಿವಿಷನ್ ಎಂಬ ಇಡೀ ಮೀಸಲು ಡಿವಿಷನ್ನನ್ನೇ ಸ್ಥಾಪಿಸಿ, 1956ರಲ್ಲಿ ಅದನ್ನು ಒಂದು ಬ್ರಿಗೇಡಿನ ಮಟ್ಟಕ್ಕೆ ಇಳಿಸಲಾಯಿತು. 1978ರಲ್ಲಿ ಆ ಬ್ರಿಗೇಡೂ ರದ್ದಾಗಿ, ಇಂದು ಪ್ಯಾರಾಶೂಟ್ ರೆಜಿಮೆಂಟಿನ 4ನೆಯ ಬೆಟಾಲಿಯನ್ ಮಾತ್ರ ಮೀಸಲು ಪಡೆಯಾಗಿ ಉಳಿದಿದೆ. ವಿಲೀನಗೊಂಡ ಹಳೆಯ 10 ಮತ್ತು 15ನೆಯ ಬೆಟಾಲಿಯನ್‌ಗಳ ಸಂಖ್ಯೆಗಳನ್ನು ಈ ಬೆಟಾಲಿಯನ್ನಿನ ಎರಡು ಕಂಪನಿಗಳಿಗೆ ಉಳಿಸಿಕೊಟ್ಟಿದ್ದರಿಂದ, ಘಟಕ ಕುಗ್ಗಿದರೂ ಅದರ ನೆನಪು ಸಂಘಟನೆಯೊಳಗೇ ಉಳಿಯಿತು. ಭಾರತದಲ್ಲಿ ಆ ನೆನಪಿನ ಕೆಲಸವನ್ನು ಮುಖ್ಯವಾಗಿ ಮಾಡುವುದು ರೆಜಿಮೆಂಟಿನ ಲಾಂಛನ.

ಲಾಂಛನಗಳ ನಾಲ್ಕು ಪದರ

ಚಾಲುಕ್ಯರ ವರಾಹವನ್ನೂ ಮೈಸೂರಿನ ಗಂಡಭೇರುಂಡವನ್ನೂ ಬಲ್ಲ ಕನ್ನಡಿಗರಿಗೆ ಲಾಂಛನವು ಒಡೆತನ ಮತ್ತು ನಿಷ್ಠೆಯ ಗುರುತೆಂಬುದು ಹೊಸ ವಿಷಯವಲ್ಲ. ಆಧುನಿಕ ಸೇನೆಯಲ್ಲಿ ಈ ಗುರುತು ಒಂದೇ ಆಗಿರದೆ, ಸಮವಸ್ತ್ರದ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ಅರ್ಥ ಕೊಡುವ ಹಲವು ಗುರುತುಗಳಾಗಿ ಹರಡಿಕೊಂಡಿರುತ್ತದೆ. ಪ್ಯಾರಾಶೂಟ್ ಸೈನಿಕನ ಸಮವಸ್ತ್ರದಲ್ಲಿ ಇವುಗಳನ್ನು ನಾಲ್ಕು ಪದರಗಳಾಗಿ ವಿಂಗಡಿಸಿ ನೋಡಬಹುದು.

ಮೊದಲನೆಯದು ರೆಜಿಮೆಂಟಿನ ಗುರುತು. ಮರೂನ್ ಬಣ್ಣದ ಬೆರೇ ಟೋಪಿ ಅದರ ಆಧಾರ. 1942ರಲ್ಲಿ ಬ್ರಿಟಿಷ್ ವಾಯುವಾಹಿತ ಪಡೆಗಳು ಆಯ್ದುಕೊಂಡ ಈ ಬಣ್ಣ ಇಂದು ಜಗತ್ತಿನ ಅನೇಕ ದೇಶಗಳ ಪ್ಯಾರಾಟ್ರೂಪರ್‌ಗಳ ಗುರುತಾಗಿದೆ. ಸೇನಾಧಿಕಾರಿ ಬ್ರೌನಿಂಗ್ ಅವರ ಪತ್ನಿ, ಕಾದಂಬರಿಕಾರ್ತಿ ಡ್ಯಾಫ್ನೆ ಡು ಮೋರಿಯೆ ಇದನ್ನು ಆರಿಸಿದರೆಂಬ ಕಥೆ ಪ್ರಚಲಿತವಾಗಿದ್ದರೂ ಆಕೆ ಅದನ್ನು ಒಪ್ಪಿಕೊಂಡಿರಲಿಲ್ಲ. ರೆಜಿಮೆಂಟಿನ ಸಿಖ್ ಸೈನಿಕರು ಅದೇ ಬಣ್ಣದ ಪೇಟ ಧರಿಸುತ್ತಾರೆ. ಟೋಪಿಯ ಮೇಲಿನ ಬೆಳ್ಳಿಬಣ್ಣದ ಲೋಹದ ಬಿಲ್ಲೆಯಲ್ಲಿ ಬಿಚ್ಚಿಕೊಂಡ ಪ್ಯಾರಾಶೂಟ್ ಇದ್ದು, ಅದರ ಒಂದು ಭಾಗವನ್ನು ಮರೆಮಾಡುವಂತೆ ರೆಕ್ಕೆಗಳೂ ಕಠಾರಿಯೂ ಮುಂದೆ ಬಂದಿವೆ. ಇಳಿಯುವ ಸಾಧನ, ಹಾರುವ ಸಾಧನ, ನೆಲದ ಮೇಲೆ ಹೋರಾಡುವ ಸಾಧನ ಈ ಮೂರನ್ನೂ ಒಂದೇ ಬಿಲ್ಲೆಯಲ್ಲಿ ಕೂಡಿಸಿರುವುದರಿಂದ ಅದು ಈ ಪಡೆಯ ಕೆಲಸದ ಸಂಕ್ಷಿಪ್ತ ವಿವರಣೆಯೂ ಆಗಿದೆ. ಭುಜದ ಮೇಲೆ 'ಪ್ಯಾರಾಶೂಟ್' ಎಂದು ಬರೆದ ಪಟ್ಟಿಯಿರುತ್ತದೆ. ಪ್ರಾದೇಶಿಕ ಸೇನೆಯ ಬೆಟಾಲಿಯನ್ ತನ್ನ ಮಾತೃ ರೆಜಿಮೆಂಟಿನಿಂದ ಪಡೆದಿರುವುದು ಮುಖ್ಯವಾಗಿ ಈ ಮೊದಲ ಪದರವನ್ನು.

ಎರಡನೆಯದು ಫಾರ್ಮೇಷನ್ ಚಿಹ್ನೆ, ಅಂದರೆ ಬ್ರಿಗೇಡ್ ಅಥವಾ ಡಿವಿಷನ್‌ನಂಥ ಮೇಲಿನ ಹಂತದ ಗುರುತು. ಬ್ರಿಟಿಷ್ ವಾಯುವಾಹಿತ ಪಡೆಗಳ ಚಿಹ್ನೆಯಲ್ಲಿ ಗ್ರೀಕ್ ಪುರಾಣದ ವೀರ ಬೆಲೆರೊಫಾನ್ ರೆಕ್ಕೆಯ ಕುದುರೆ ಪೆಗಾಸಸ್‌ನ ಮೇಲೆ ಕುಳಿತಿದ್ದಾನೆ. ಕಲಾವಿದ ಎಡ್ವರ್ಡ್ ಸೀಗೊ ಅದನ್ನು ರಚಿಸಿದರು. ಸ್ವತಂತ್ರ ಭಾರತದ 50ನೆಯ ಪ್ಯಾರಾಶೂಟ್ ಬ್ರಿಗೇಡಿನ ಚಿಹ್ನೆ ಶತ್ರುಜಿತ್: ಅರ್ಧ ಮನುಷ್ಯ, ಅರ್ಧ ಕುದುರೆಯಾದ, ರೆಕ್ಕೆಗಳುಳ್ಳ ಬಿಲ್ಲುಗಾರ. ಮಾರ್ಕಂಡೇಯ ಪುರಾಣದಲ್ಲಿ ಶತ್ರುಜಿತ್ ಎಂಬ ಅರಸನ ಮಗ ಋತಧ್ವಜನಿಗೆ ಗಾಲವ ಋಷಿಯು ಭೂಮಂಡಲವನ್ನೆಲ್ಲ ದಣಿವಿಲ್ಲದೆ ಸುತ್ತಬಲ್ಲ ಕುವಲಯವೆಂಬ ಕುದುರೆಯನ್ನು ತಂದುಕೊಡುವ ಪ್ರಸಂಗವಿದೆ. ಹೀಗೆ ಆ ಹೆಸರು ಭಾರತೀಯ ಪುರಾಣದಲ್ಲಿಯೂ ಅದ್ಭುತ ಅಶ್ವದ ಕಥೆಯೊಡನೆ ಬೆಸೆದುಕೊಂಡಿದೆ. ಗ್ರೀಕ್ ಕುದುರೆಯ ಜಾಗಕ್ಕೆ ಬಂದ ಈ ಚಿಹ್ನೆ, ವಸಾಹತು ಕಾಲದ ವಿನ್ಯಾಸದ ಆಶಯವನ್ನು ಉಳಿಸಿಕೊಂಡು ಅದರ ಪುರಾಣವನ್ನು ಬದಲಿಸಿದ ಒಳ್ಳೆಯ ನಿದರ್ಶನ. ಶತ್ರುಜಿತ್ ಎಂಬುದೇ ರೆಜಿಮೆಂಟಿನ ಧ್ಯೇಯಪದವೂ ಹೌದು. ಆದರೆ ಫಾರ್ಮೇಷನ್ ಚಿಹ್ನೆ ಸೈನಿಕನ ಸ್ವತ್ತಲ್ಲ; ಘಟಕ ಯಾವ ಫಾರ್ಮೇಷನ್ನಿನ ಅಧೀನದಲ್ಲಿದೆಯೋ ಅದಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಮೂರನೆಯದು ಅರ್ಹತೆಯ ಗುರುತು. ಐದು ಜಿಗಿತಗಳನ್ನು ಪೂರೈಸಿದವನು ಎದೆಯ ಬಲಭಾಗದಲ್ಲಿ, ಹೆಸರಿನ ಫಲಕದ ಮೇಲೆ, ಪ್ಯಾರಾ ವಿಂಗ್ಸ್ ಧರಿಸುತ್ತಾನೆ: ಬೂದು ಹಸಿರಿನ ಬಟ್ಟೆಯ ಮೇಲೆ ಬಿಚ್ಚಿದ ಬಿಳಿಯ ಪ್ಯಾರಾಶೂಟ್, ಅದರ ಎರಡೂ ಕಡೆ ತಿಳಿನೀಲಿಯ ಚಾಚಿದ ರೆಕ್ಕೆಗಳು. ಇದರ ಪುಟ್ಟ ಎನಾಮೆಲ್ ರೂಪವಾದ ಪ್ಯಾರಾ ಬ್ರೆವೆಟ್ ಅನ್ನು ಎಡ ಜೇಬಿನ ಮೇಲೆ ಧರಿಸುತ್ತಾರೆ; ಜಿಗಿತಗಳ ಸಂಖ್ಯೆ 25 ದಾಟಿದರೆ ಒಂದು, 50 ದಾಟಿದರೆ ಎರಡು, 100 ದಾಟಿದರೆ ಮೂರು ನಕ್ಷತ್ರಗಳು ಅದಕ್ಕೆ ಸೇರುತ್ತವೆ. ಈ ಗುರುತು ರೆಜಿಮೆಂಟಿಗೆ ಕಟ್ಟುಬಿದ್ದದ್ದಲ್ಲ. ವೈದ್ಯರು, ಎಂಜಿನಿಯರುಗಳು, ಸಿಗ್ನಲ್ ವಿಭಾಗದವರು, ಯಾರು ಜಿಗಿದು ಅರ್ಹರಾಗುತ್ತಾರೋ ಅವರಿಗೆಲ್ಲ ಅದು ಸಲ್ಲುತ್ತದೆ.

ನಾಲ್ಕನೆಯದು ರೆಜಿಮೆಂಟಿನ ಸ್ಪೆಷಲ್ ಫೋರ್ಸಸ್ ಬೆಟಾಲಿಯನ್‌ಗಳಿಗೆ ಮೀಸಲಾದ 'ಬಲಿದಾನ' ಬ್ಯಾಡ್ಜ್. ಕೆಳಮುಖವಾದ ಕಠಾರಿ, ಅದರ ಅಲಗಿನಿಂದ ಮೇಲಕ್ಕೆ ಚಾಚಿದ ರೆಕ್ಕೆಗಳು, ಅಲಗಿಗೆ ಅಡ್ಡಲಾಗಿ ದೇವನಾಗರಿಯಲ್ಲಿ 'ಬಲಿದಾನ್' ಎಂದು ಬರೆದ ಪಟ್ಟಿಕೆ ಇದರ ವಿನ್ಯಾಸ; ಬಲ ಜೇಬಿನ ಮೇಲೆ, ಹೆಸರಿನ ಫಲಕದ ಕೆಳಗೆ ಇದರ ಸ್ಥಾನ. ಮೂರನೆಯ ಮತ್ತು ನಾಲ್ಕನೆಯ ಪದರಗಳೆರಡೂ ಎದೆಯ ಒಂದೇ ಬದಿಯಲ್ಲಿ, ಹೆಸರಿನ ಮೇಲೊಂದು ಕೆಳಗೊಂದು ಇರುವುದರಿಂದ ಹೊರಗಿನವರಿಗೆ ಇವುಗಳ ವ್ಯತ್ಯಾಸ ಬೇಗ ಹೊಳೆಯುವುದಿಲ್ಲ.

ಪದರಗಳ ವ್ಯತ್ಯಾಸ ಬೆಳಕಿಗೆ ಬಂದ ಸಂದರ್ಭ

ಈ ವ್ಯತ್ಯಾಸ ದೇಶದಾದ್ಯಂತ ಚರ್ಚೆಗೆ ಬಂದದ್ದು ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯವರಿಂದಾಗಿ. 2011ರಲ್ಲಿ ಅವರಿಗೆ ಪ್ರಾದೇಶಿಕ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ದೊರೆತು, ಅವರು 106ನೆಯ ಬೆಟಾಲಿಯನ್ನಿಗೆ ಸೇರಿದರು. ಪದವಿಯ ಜೊತೆಗೆ ಮರೂನ್ ಟೋಪಿ ಬಂದರೂ ರೆಕ್ಕೆಗಳು ಬರಲಿಲ್ಲ. 2015ರ ಆಗಸ್ಟ್‌ನಲ್ಲಿ ಆಗ್ರಾದಲ್ಲಿ ಎಎನ್-32 ವಿಮಾನದಿಂದ ಐದು ಜಿಗಿತಗಳನ್ನು ಪೂರೈಸಿದ ಮೇಲೆಯೇ ಅವರು ಅವನ್ನು ಧರಿಸಲು ಅರ್ಹರಾದರು. 2019ರ ಜೂನ್ 5ರಂದು ಸೌತಾಂಪ್ಟನ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಅವರ ವಿಕೆಟ್‌ಕೀಪಿಂಗ್ ಗ್ಲೌಸ್ ಮೇಲೆ ಕಠಾರಿಯ ಚಿಹ್ನೆ ಕಾಣಿಸಿಕೊಂಡಾಗ, ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಉಡುಪಿನ ಮೇಲೆ ವೈಯಕ್ತಿಕ ಸಂದೇಶ ಅಥವಾ ಲಾಂಛನಕ್ಕೆ ಅವಕಾಶವಿಲ್ಲವೆಂದು ತಿಳಿಸಿತು. ಆ ಚಿತ್ರದಲ್ಲಿ 'ಬಲಿದಾನ್' ಎಂಬ ಬರಹವಿರಲಿಲ್ಲವಾದ್ದರಿಂದ ಅದು ಸೇನೆಯ ಅಧಿಕೃತ ಬ್ಯಾಡ್ಜೇ ಅಲ್ಲವೆಂಬ ವಾದವನ್ನು ಕ್ರಿಕೆಟ್ ಆಡಳಿತದವರು ಮುಂದಿಟ್ಟರು. ಒಂದು ಪಟ್ಟಿಕೆ ಇದೆಯೋ ಇಲ್ಲವೋ ಎಂಬುದರ ಮೇಲೆ ಚಿಹ್ನೆಯ ಸ್ವರೂಪವೇ ನಿರ್ಧಾರವಾಗುವ ಲಾಂಛನಶಾಸ್ತ್ರದ ಸೂಕ್ಷ್ಮ ಹೀಗೆ ಕ್ರೀಡಾಪುಟಗಳಿಗೂ ಬಂದಿತು. ಅದೇ ವರ್ಷದ ಜುಲೈ 31ರಿಂದ ಆಗಸ್ಟ್ 15ರವರೆಗೆ ಧೋನಿಯವರು ಕಾಶ್ಮೀರದಲ್ಲಿದ್ದ ತಮ್ಮ ಬೆಟಾಲಿಯನ್ನಿನೊಂದಿಗೆ ಗಸ್ತು ಮತ್ತು ಕಾವಲು ಕರ್ತವ್ಯ ನಿರ್ವಹಿಸಿದರು.

ಈ ನಿದರ್ಶನದಿಂದ ತಿಳಿಯುವ ನಿಯಮ ಸಾಮಾನ್ಯ ಜವಾನನಿಗೂ ಅನ್ವಯಿಸುತ್ತದೆ. ಬೆಟಾಲಿಯನ್ನಿಗೆ ಸೇರಿದ ಮಾತ್ರಕ್ಕೆ ರೆಜಿಮೆಂಟಿನ ಬಿಲ್ಲೆ ದೊರೆಯುತ್ತದೆ. ಸ್ವಂತ ಜಿಗಿತದಿಂದ ರೆಕ್ಕೆಗಳು ದೊರೆಯುತ್ತವೆ. ಬೇರೆ ಬಗೆಯ ಸೇವೆಗೆ ಮೀಸಲಾದ ಗುರುತು ಇವೆರಡರಿಂದಲೂ ದೊರೆಯುವುದಿಲ್ಲ. ಇದರ ಮೇಲೆ ದೀರ್ಘ ಸೇವೆಗೆ ಪ್ರಾದೇಶಿಕ ಸೇನೆಯದೇ ಆದ ಮನ್ನಣೆಗಳಿವೆ: ಅಧಿಕಾರಿಗಳಿಗೆ 20 ವರ್ಷಗಳ ಸೇವೆಗೆ ಟೆರಿಟೋರಿಯಲ್ ಆರ್ಮಿ ಡೆಕೊರೇಷನ್, ಇತರರಿಗೆ 12 ವರ್ಷಗಳ ಸೇವೆಗೆ ಟೆರಿಟೋರಿಯಲ್ ಆರ್ಮಿ ಮೆಡಲ್. ಹೀಗೆ ಒಬ್ಬನೇ ಸೈನಿಕನ ಎದೆಯ ಮೇಲೆ ರೆಜಿಮೆಂಟಿನ ಪರಂಪರೆ, ಅವನ ಸ್ವಂತ ಸಾಧನೆ ಮತ್ತು ನಾಗರಿಕ ಸೈನಿಕನಾಗಿ ಅವನು ಸವೆಸಿದ ವರ್ಷಗಳು ಬೇರೆ ಬೇರೆಯಾಗಿ ದಾಖಲಾಗಿರುತ್ತವೆ.

ದಾಖಲೆಯಾಗಿ ಲಾಂಛನ

ಖಾಯಂ ಬೆಟಾಲಿಯನ್ನಿನ ಸೈನಿಕನಿಗೆ ರೆಜಿಮೆಂಟೇ ಊರು, ಅದರ ಬ್ಯಾರಕ್ಕೇ ಮನೆ. ಪ್ರಾದೇಶಿಕ ಸೇನೆಯವನಿಗೆ ಅಂಥ ನಿರಂತರ ಒಡನಾಟ ಸಿಗುವುದಿಲ್ಲವಾದ್ದರಿಂದ, ಕಾರ್ಖಾನೆ, ಕಚೇರಿ, ಹೊಲಗಳಿಂದ ಬರುವ ಜನರನ್ನು ಕೆಲವೇ ವಾರಗಳಲ್ಲಿ ಒಂದು ಪಡೆಯಾಗಿ ಬೆಸೆಯುವಲ್ಲಿ ಮರೂನ್ ಟೋಪಿ ಮತ್ತು ಬಿಲ್ಲೆಯ ಪಾತ್ರ ಖಾಯಂ ಪಡೆಗಿಂತಲೂ ದೊಡ್ಡದು. ಅದೇ ಕಾರಣಕ್ಕೆ, ಗಳಿಸದ ಗುರುತನ್ನು ಯಾರೂ ಧರಿಸದಂತೆ ನೋಡಿಕೊಳ್ಳುವ ಶಿಸ್ತು ಇಲ್ಲಿ ಇನ್ನೂ ಹೆಚ್ಚು ಮುಖ್ಯವಾಗುತ್ತದೆ. ಪದರಗಳು ಕಲಸಿಹೋದರೆ ಲಾಂಛನವು ಅಲಂಕಾರವಷ್ಟೇ ಆಗಿ ಉಳಿಯುತ್ತದೆ.

ಇಂಥ ಘಟಕಗಳ ಚರಿತ್ರೆ ಕನ್ನಡದಲ್ಲಿ ವಿರಳವಾಗಿ ದಾಖಲಾಗಿದೆ. ಪ್ರಾದೇಶಿಕ ಸೇನೆಯಲ್ಲಿ ಸೇವೆ ಸಲ್ಲಿಸಿದವರ ಮನೆಗಳಲ್ಲಿ ಉಳಿದಿರುವ ಬಿಲ್ಲೆ, ರೆಕ್ಕೆ, ಭುಜಪಟ್ಟಿ ಮತ್ತು ಪದಕಗಳನ್ನು ಕುಟುಂಬದವರು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿಡದೆ, ಅದು ಯಾವ ಬೆಟಾಲಿಯನ್ನಿನದು, ಯಾವ ವರ್ಷದ್ದು, ಸಮವಸ್ತ್ರದ ಯಾವ ಜಾಗದಲ್ಲಿ ಧರಿಸುತ್ತಿದ್ದರು ಎಂಬ ವಿವರದೊಂದಿಗೆ ಬರೆದಿಡಬೇಕು. ಸೇವೆ ಸಲ್ಲಿಸಿದವರು ಬದುಕಿರುವಾಗಲೇ ಅವರನ್ನು ಕೇಳಿ ಈ ವಿವರಗಳನ್ನು ದಾಖಲಿಸಿಕೊಳ್ಳುವುದು ಕುಟುಂಬಗಳ, ಸ್ಥಳೀಯ ಇತಿಹಾಸಕಾರರ ಮತ್ತು ಮಾಜಿ ಸೈನಿಕರ ಸಂಘಗಳ ಹೊಣೆ.